ಸೌಟು ಹಿಡಿಯುವ ದಿನ

ಸಮಾಜವು ತನ್ನನ್ನು ತಾನು ಅರಿಯದ ಹೊರತು ಅದಕ್ಕೆ ಬಿಡುಗಡೆಯಿಲ್ಲ. ಆ ಅರಿವಿನ ದೀಪವನ್ನು ಮನೆಮನೆಗೆ ಒಯ್ಯುವವನೇ ಕ್ಷೇತ್ರ ಸಮೀಕ್ಷಕ. ಈ ವಾಕ್ಯವನ್ನು ಹೊಸಬರ ತರಬೇತಿಗಳಲ್ಲಿ ಎಷ್ಟೋ ವರ್ಷ ಗಂಟಲು ಸರಿಪಡಿಸಿಕೊಂಡು ಓದಿದ್ದೇನೆ. ವಾಸ್ತವದಲ್ಲಿ ನಾನು ಮನೆಮನೆಗೆ ಒಯ್ದದ್ದು ಒಂದು ರಟ್ಟಿನ ಪ್ಯಾಡು, ಎರಡು ಬಾಲ್‌ಪೆನ್ನು ಮತ್ತು ನಾಯಿಗಳಿಗೆಂದು ಜೇಬಿನಲ್ಲಿ ಬಿಸ್ಕೀಟು. ದೀಪ ಬೇಕೆಂದು ಯಾರೂ ಕೇಳಲಿಲ್ಲ. ಬಿಸ್ಕೀಟು ಮಾತ್ರ ಒಂದು ದಿನವೂ ಉಳಿದು ವಾಪಸು ಬರಲಿಲ್ಲ.

ಸಮಾಜಶಾಸ್ತ್ರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನ ನೌಕರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕು ನನ್ನ ಪಾಲಿಗೆ ಬಂದಿದ್ದವು. ಜನರ ಮನೆಗೆ ಹೋಗುವುದು, ಅವರು ಏನು ಉಣ್ಣುತ್ತಾರೆ, ಯಾರ ಜೊತೆ ಉಣ್ಣುತ್ತಾರೆ, ಯಾರ ಜೊತೆ ಉಣ್ಣುವುದಿಲ್ಲ, ಯಾರಿಗೆ ವೋಟು ಹಾಕುತ್ತಾರೆ ಎಂದು ಕೇಳುವುದು, ಬರೆದುಕೊಳ್ಳುವುದು. ಬೇರೆಯವರು ಹೀಗೆ ಕೇಳಿದರೆ ಚಾಡಿಕೋರ ಎನ್ನುತ್ತಾರೆ. ನಾವು ಕೇಳಿದರೆ ಸಂಶೋಧನೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರ ಕೈಯಲ್ಲಿ ಟ್ಯಾಬ್ ಇದೆ, ಕಿವಿಯಲ್ಲಿ ಮೇಲಿನವರ ಸೂಚನೆ ಇದೆ. ಟ್ಯಾಬ್ ಹೇಳಿಕೊಡದ ಒಂದೆರಡು ಸಂಗತಿಗಳನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲನೆಯದು, ಗಾಡಿ ನಿಲ್ಲಿಸುವ ಜಾಗ. ಇದನ್ನು ನನಗೆ ಕಲಿಸಿದವರು ನಮ್ಮ ಜೀಪಿನ ಡ್ರೈವರ್ ರಾಜೇಸಾಬರು. ರಾಯಬಾಗ ಕಡೆಯ ಒಂದು ಊರಿನಲ್ಲಿ ಬೇಸಿಗೆ ಬಿಸಿಲಿಗೆ ಹೆದರಿ ಊರಗೌಡರ ಮನೆ ಮುಂದಿನ ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿದೆವು. ಗೌಡರು ಕುರ್ಚಿ ಹಾಕಿಸಿದರು, ಚಹ ತರಿಸಿದರು, ಆಳು ಕಳಿಸಿ ಕೇರಿಯ ಜನರನ್ನೂ ಅಲ್ಲಿಗೇ ಕರೆಸಿದರು. ನಾನು ಕೂತು ಕೇಳಿದೆ, ಅವರು ನಿಂತು ಹೇಳಿದರು. ನೀರಿಗೆ ತೊಂದರೆ ಇಲ್ಲ, ಕೂಲಿಗೆ ತಕರಾರು ಇಲ್ಲ, ಗುಡಿಗೆ ಎಲ್ಲರೂ ಹೋಗುತ್ತಾರೆ. ನಾಲ್ಕು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ನನ್ನ ಕಾರ್ಯಕ್ಷಮತೆಗೆ ನಾನೇ ಬೆರಗಾಗಿ ಜೀಪು ಹತ್ತಿದೆ. ಊರು ದಾಟಿದ ಮೇಲೆ ರಾಜೇಸಾಬರು ಬಾಯಿ ಬಿಟ್ಟರು.

“ಸರ, ಸಿಟ್ಟಾಗಬ್ಯಾಡ್ರಿ. ಈ ಊರ ಕೆಲಸ ಮುಗದಿಲ್ರಿ.”

“ಎಲ್ಲಾ ಫಾರ್ಮ್ ತುಂಬ್ಯಾವಲ್ಲ?”

“ತುಂಬ್ಯಾವ ಖರೆ. ಗಾಡಿ ಗೌಡ್ರ ಮನಿ ಮುಂದ ನಿಂತಿತ್ತಲ್ರಿ. ಮಂದಿ ಎಲ್ಲಾ ಗೌಡ್ರಿಗೇ ಉತ್ತರ ಕೊಟ್ಟಾರ. ನೀವು ನಡುವ ಕುಂತು ಬರಕೊಂಡ್ರಿ, ಅಷ್ಟ.”

ಅಷ್ಟೂ ಫಾರ್ಮುಗಳನ್ನು ರದ್ದಿ ಮಾಡಿ ಮತ್ತೆ ಹೋದೆವು. ಆ ಸಲ ಗಾಡಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ನಡೆದು ಹೋದೆವು. ಉತ್ತರಗಳೆಲ್ಲ ಬೇರೆಯಾದವು.

ಇನ್ನೊಂದು ಸಂಗತಿ ಕಾಗವಾಡ ತಾಲೂಕಿನದು. ಮಾತೃಭಾಷೆ ಯಾವುದು ಎಂಬುದು ನಮ್ಮ ಫಾರ್ಮಿನ ಅತ್ಯಂತ ಸರಳ ಪ್ರಶ್ನೆ. ಒಂದು ಕಟ್ಟೆಯ ಮೇಲೆ ಕೂತಿದ್ದ ಮುದುಕರನ್ನು ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು.

“ಯಾವ್ದು ಬರದ್ರ ಚಲೋ ಆಗ್ತೈತ್ರಿ?”

“ಹಂಗಲ್ರಿ ಅಜ್ಜಾರ, ಮನ್ಯಾಗ ಯಾವ ಭಾಷಾ ಮಾತಾಡ್ತೀರಿ?”

“ಹೆಂಡ್ತಿ ಕೂಡ ಮರಾಠಿ. ಎತ್ತಿನ ಕೂಡ ಕನ್ನಡ. ಬ್ಯಾಂಕಿನ ಸಾಹೇಬನ ಕೂಡ ಹಿಂದಿ.”

“ಒಂದ ಬರೀಬೇಕ್ರಿ.”

“ಹೋದ ಸಲ ಒಬ್ಬಾವ ಬಂದಿದ್ದ, ಮರಾಠಿ ಅಂತ ಬರಕೊಂಡ. ಅದರ ಹಿಂದ ಇನ್ನೊಬ್ಬಾವ ಬಂದಿದ್ದ, ಕನ್ನಡ ಅಂತ ಬರಕೊಂಡ. ಇಬ್ರೂ ಖುಷಿಲೇ ಹ್ವಾದ್ರು. ನಮ್ಮ ರಸ್ತಾ ಮಾತ್ರ ಹಂಗ ಐತಿ. ನಿಮಗ ಯಾವ್ದು ಬೇಕು ಬರಕೊಂಡ್ ಹೋಗ್ರಿ.”

ನಾನು ಏನು ಬರೆದುಕೊಂಡೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಎರಡೂ ಕಡೆಯವರು ಇನ್ನೂ ಬದುಕಿದ್ದಾರೆ. ಆದರೆ ಫಾರ್ಮಿನ ಚೌಕಗಳಲ್ಲಿ ಹಿಡಿಸದ ಉತ್ತರಗಳಿರುತ್ತವೆ, ಅವೇ ನಿಜವಾದ ಉತ್ತರಗಳು ಎಂಬ ಗುಮಾನಿ ಅಂದು ನನಗೆ ಹತ್ತಿತು.

ನಿಪ್ಪಾಣಿಯಲ್ಲಿ ಆ ಗುಮಾನಿ ಗಟ್ಟಿಯಾಯಿತು. ಒಂದು ಓಣಿಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದ ಹೆಣ್ಣುಮಗಳನ್ನು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ. ತಲೆ ಎತ್ತದೆ, “ಕೆಲಸ ಏನಿಲ್ರಿ, ಮನ್ಯಾಗ ಇರ್ತೀನಿ” ಎಂದಳು. ಮೊಣಕಾಲ ಮೇಲಿನ ಮೊರದಲ್ಲಿ ತಂಬಾಕು. ಬೆರಳುಗಳು ಎಲೆ ಸುತ್ತುತ್ತಲೇ ಇದ್ದವು. ಹಾಗಾದರೆ ಇದೇನು ಎಂದೆ. ಆಗ ಆಕೆ ನನ್ನನ್ನು ನೋಡಿದಳು.

“ಇದು ಕೆಲಸ ಅಲ್ರಿ ಸರ. ಕೆಲಸಕ್ಕ ರಜಾ ಇರ್ತೈತಿ.”

ಈ ಮಾತನ್ನು ಇದ್ದ ಹಾಗೇ ಬರೆದು ತಂದೆ. ನಮ್ಮ ನಿರ್ದೇಶಕರು ಅಲ್ಲಿಯವರೆಗೆ ಸಂಖ್ಯೆಗಳನ್ನಲ್ಲದೆ ಬೇರೇನನ್ನೂ ನಂಬಿದವರಲ್ಲ. ಬೆಳಗಿನ ವಾಕಿಂಗಿನಲ್ಲೂ ಹೆಜ್ಜೆ ಎಣಿಸುತ್ತಿದ್ದರು. ಈ ವಾಕ್ಯ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಂಥವು ಬೇಕು ನೋಡಿ ನಮಗೆ. ಜೀವಂತ ಮಾತು. ಒಂದಕ್ಷರ ಬದಲಾಯಿಸಬೇಡಿ.” ಆ ವರದಿಗೆ ಹೆಸರು ಬಂತು. ಅಂದಿನಿಂದ ಸಂಸ್ಥೆಯಲ್ಲಿ ನಾನು ಮಾತು ಹಿಡಿಯುವುದರಲ್ಲಿ ನಿಪುಣ. ಜನರ ಬಾಯಿಂದ ಬಂದ ಮಾತನ್ನು ದೀರ್ಘ ಹ್ರಸ್ವ ತಪ್ಪದಂತೆ ಬರೆದುಕೊಳ್ಳುವುದು ನನಗೊಂದು ವ್ರತವಾಯಿತು. ಉಳಿದವರು ಮಾಹಿತಿ ತರುತ್ತಿದ್ದರು, ನಾನು ಮುತ್ತು ತರುತ್ತಿದ್ದೆ. ಈ ಹೋಲಿಕೆ ನಿರ್ದೇಶಕರದು. ನಾನು ಅದನ್ನು ವಿನಯದಿಂದ ಒಪ್ಪಿಕೊಂಡಿದ್ದೆ.

ನಮ್ಮ ವೃತ್ತಿಯಲ್ಲಿ ಇನ್ನೊಂದು ಪದ್ಧತಿ ಉಂಟು. ಮಾಹಿತಿ ಕೊಟ್ಟವರ ಹೆಸರನ್ನೂ ಊರಿನ ಹೆಸರನ್ನೂ ವರದಿಯಲ್ಲಿ ಬದಲಾಯಿಸಬೇಕು. ಹೇಳಿದವರಿಗೆ ತೊಂದರೆ ಆಗಬಾರದು ಎಂಬುದು ಉದ್ದೇಶ. ಈ ಐದು ತಾಲೂಕುಗಳಲ್ಲಿ ನಾನು ಮಾಡಿದಷ್ಟು ನಾಮಕರಣವನ್ನು ಯಾವ ಪುರೋಹಿತರೂ ಮಾಡಿರಲಿಕ್ಕಿಲ್ಲ. ಹೆಸರು ಬದಲಾಯಿಸಿದರೆ ಮನುಷ್ಯ ಸುರಕ್ಷಿತ ಎಂದು ನಾನು ಮನಸಾರೆ ನಂಬಿದ್ದೆ.

ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ, ಮಡಿ ಮೈಲಿಗೆಯ ರಿವಾಜುಗಳು ದಿನನಿತ್ಯದ ಜಾಗಗಳಲ್ಲಿ ಹೇಗೆ ಉಳಿದುಕೊಂಡಿವೆ ಎಂಬ ಅಧ್ಯಯನ ಬಂತು. ನಳ, ಕ್ಷೌರದ ಅಂಗಡಿ, ಚಹದ ಅಂಗಡಿ, ಶಾಲೆಯ ಅಡುಗೆಮನೆ. ಅಷ್ಟರಲ್ಲಿ ನನ್ನ ಕೈಗೂ ಟ್ಯಾಬ್ ಬಂದಿತ್ತು. ಬಿಸಿಯೂಟವನ್ನು ಯಾರು ಬೇಯಿಸುತ್ತಾರೆ ಎಂದು ಅದು ಕೇಳುತ್ತಿತ್ತು. ಉತ್ತರಕ್ಕೆ ಮೂರು ಆಯ್ಕೆ. ನಾಲ್ಕನೆಯದನ್ನು ಅದು ಊಹಿಸಿರಲಿಲ್ಲ.

ಅಥಣಿ ತಾಲೂಕಿನ ಒಂದು ಊರು. ಹೆಸರು ಹೇಳುವುದಿಲ್ಲ. ಈ ಸಲ ಅದರ ಹೊಳೆ, ಗುಡ್ಡ, ಗುಡಿ ಯಾವುದರ ಗುರುತನ್ನೂ ಕೊಡುವುದಿಲ್ಲ. ಆ ಊರಿನ ಶಾಲೆಯಲ್ಲಿ ಬಿಸಿಯೂಟಕ್ಕೆ ಮೂವರು ಹೆಣ್ಣುಮಕ್ಕಳು. ಕಾಗದದ ಮೇಲೆ ಮುಖ್ಯ ಅಡುಗೆಯವಳು ದಲಿತ ಕೇರಿಯ ಒಬ್ಬ ವಿಧವೆ. ಸುಂದ್ರವ್ವ ಎಂದು ಕರೆಯೋಣ. ಅದು ಆಕೆಯ ಹೆಸರಲ್ಲ. ರಾಜೇಸಾಬರೂ ನಾನೂ ಗಾಡಿಯನ್ನು ದೂರದ ರಸ್ತೆಯಲ್ಲೇ ಬಿಟ್ಟು ಆಕೆಯ ಮನೆಗೆ ನಡೆದು ಹೋದೆವು. ಆಕೆ ಬಾಗಿಲಲ್ಲೇ ನಿಂತು, “ಚಾ ಕುಡೀತೀರೇನ್ರಿ?” ಎಂದಳು. ಅದು ಉಪಚಾರವಲ್ಲ, ಪರೀಕ್ಷೆ. ಇಬ್ಬರೂ ಕುಡಿದೆವು. ಪಾಸಾದೆವು.

ಆಮೇಲೆ ಹೇಳಿದಳು. ಅಕ್ಕಿ ಹಸಿಯಾಗಿರುವವರೆಗೆ ಆಕೆ ಮುಟ್ಟಬಹುದು, ಆರಿಸಬಹುದು, ತೊಳೆಯಬಹುದು. ಒಲೆಯ ಮೇಲೇರಿತೋ, ಆಕೆ ಅಡುಗೆಮನೆಯ ಹೊಸ್ತಿಲ ಹೊರಗೆ. ಬೇಯಿಸುವವರು, ಬಡಿಸುವವರು ಇನ್ನಿಬ್ಬರು. ಎಲ್ಲ ಮುಗಿದ ಮೇಲೆ ಭಾಂಡೆ ತಿಕ್ಕಲು ಮತ್ತೆ ಆಕೆ. ಆಕೆ ತಿಕ್ಕಿಟ್ಟ ಭಾಂಡೆಗೆ ಒಂದು ಸಲ ನೀರು ಚಿಮುಕಿಸಿದರೆ ಸಾಕು, ಲೋಹಕ್ಕೆ ದೋಷವಿಲ್ಲ. ಅನ್ನಕ್ಕೆ ಮಾತ್ರ ಆ ಸವಲತ್ತು ಇಲ್ಲ ಎಂದು ಊರು ತೀರ್ಮಾನಿಸಿತ್ತು. ಆದರೆ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಫೋನು ಬಂದ ದಿನ ಆಕೆಯನ್ನು ಒಳಗೆ ಕರೆಯುತ್ತಾರೆ. ತಲೆಗೆ ಟೊಪ್ಪಿಗೆ, ಮೈಗೆ ಏಪ್ರನ್, ಕೈಗೆ ಸೌಟು. ಫೋಟೋ ತೆಗೆಯುತ್ತಾರೆ. ಅಂದು ಮೇಲ್ಜಾತಿಯವರ ಓಣಿಯ ಮಕ್ಕಳಲ್ಲಿ ಬಹಳ ಜನರಿಗೆ ಹೊಟ್ಟೆನೋವು ಬಂದಿರುತ್ತದೆ. ಸಾಹೇಬರ ಗಾಡಿ ತಿರುಗಿದ ಕೂಡಲೇ ಸೌಟು ವಾಪಸು.

ಇದನ್ನೆಲ್ಲ ಆಕೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮೇಲೆ ನಾನು ಹೇಳಿದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು. ತೊಂದರೆಯಾದದ್ದು ಅದರಿಂದಲೇ.

ನಾನು ಪೆನ್ನು ಮುಚ್ಚುವಾಗ ಆಕೆ ಕೇಳಿದಳು.

“ಹೆಸರು ಬರೂದಿಲ್ಲಲ್ರಿ?”

“ಹೆಸರೂ ಬರೂದಿಲ್ಲ, ಊರೂ ಬರೂದಿಲ್ಲ ತಂಗೆವ್ವಾ.”

“ನೋಡ್ರಿ ಸರ, ಹೇಳೂದು ಹೇಳೀನಿ. ಈ ನೌಕರಿ ಹೋತಂದ್ರ ನನಗ ಉಳಿಯೂದು ಕಬ್ಬಿನ ಗ್ಯಾಂಗ. ಗ್ಯಾಂಗಿಗೆ ಒಬ್ಬಾಕಿನ್ನ ತಗೊಳ್ಳೂದಿಲ್ರಿ. ಕಡಿಯಾಕ ಒಬ್ರು, ಕಟ್ಟಿ ಹೊರಾಕ ಒಬ್ರು, ಜೋಡಿ ಬೇಕಂತಾರ. ಜೋಡಿ ಅಂದ್ರ ಈ ಮನ್ಯಾಗ ನನ್ನ ಮಗಳ ಅದಾಳ. ಆಕಿ ಚಿಕ್ಕೋಡ್ಯಾಗ ಕಾಲೇಜ ಓದಾಕತ್ತಾಳ.”

ಮಗಳ ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ನಾನು ಭರವಸೆ ಕೊಟ್ಟೆ. ನನ್ನ ಭರವಸೆಗೆ ಇಡೀ ಸಂಸ್ಥೆಯ ನೀತಿಸಂಹಿತೆಯ ಬೆಂಬಲವಿತ್ತು.

ಗಾಡಿಯ ಕಡೆ ನಡೆಯುವಾಗ ರಾಜೇಸಾಬರು, “ಸರ, ಹೆಸರು ಬದಲ ಮಾಡ್ತೀರಿ, ಖರೆ. ಆ ತಂಗಿ ಮಾತಾಡೂ ಧಾಟಿ?” ಎಂದರು.

ನಾನು ನಕ್ಕೆ. “ರಾಜೇಸಾಬ್, ಧಾಟಿಗೆ ಆಧಾರ ಕಾರ್ಡ ಇರೂದಿಲ್ರಿ.”

ಬಹಳ ಜಾಣತನದ ಮಾತು ಎಂದು ಅಂದು ಅನ್ನಿಸಿತ್ತು. ನಾಲ್ಕು ಜನರ ಮುಂದೆ ಇನ್ನೊಂದು ಸಲ ಹೇಳಿಯೂ ಇದ್ದೆ.

ವರದಿ ಸಿದ್ಧವಾಯಿತು. ಊರಿಗೆ ಒಂದು ಹೆಸರು ಕಟ್ಟಿದೆ, ಆಕೆಗೆ ಇನ್ನೊಂದು ಹೆಸರು ಕೊಟ್ಟೆ, ವಯಸ್ಸು ಬದಲಾಯಿಸಿದೆ, ವಿಧವೆ ಎಂಬುದನ್ನು ತೆಗೆದೆ. ಮಾತನ್ನು ಮಾತ್ರ ಒಂದಕ್ಷರ ಮುಟ್ಟಲಿಲ್ಲ. ನಿರ್ದೇಶಕರು ಅದನ್ನು ಅಧ್ಯಾಯದ ತಲೆಬರಹದ ಕೆಳಗೆ ದಪ್ಪಕ್ಷರದಲ್ಲಿ ಹಾಕಿಸಿದರು. ಚಿಕ್ಕೋಡಿಯ ಒಂದು ಸಭಾಂಗಣದಲ್ಲಿ ಬಿಡುಗಡೆ ಸಮಾರಂಭ ನಡೆಯಿತು. ಶಾಲು, ಹಾರ, ಭಾಷಣ. ಮುಖ್ಯ ಅತಿಥಿಗಳು ಆ ಮಾತನ್ನು ಎರಡು ಸಲ ಓದಿ ಹೇಳಿದರು, ಎರಡೂ ಸಲ ಚಪ್ಪಾಳೆ ಬಿತ್ತು. ಮರುದಿನ ಒಂದು ಪತ್ರಿಕೆ ಅದನ್ನು ಚೌಕಟ್ಟು ಕಟ್ಟಿ ಅಚ್ಚು ಹಾಕಿತು.

ಪತ್ರಿಕೆ ಆ ಊರಿನ ಚಹದಂಗಡಿಗೂ ಹೋಗುತ್ತದೆ. ಬೆಂಚಿನ ಮೇಲೆ ಕೂತಿದ್ದವನೊಬ್ಬ ಗಟ್ಟಿಯಾಗಿ ಓದಿದನಂತೆ. ಓದಿ ಮುಗಿಸುವ ಮೊದಲೇ ಇನ್ನೊಬ್ಬ, “ಲೇ, ಇದು ನಮ್ಮ ಸುಂದ್ರಿ ಮಾತಲ್ಲೇನಲೇ!” ಎಂದು ಆಕೆಯ ನಿಜವಾದ ಹೆಸರು ಹಿಡಿದೇ ಅಂದನಂತೆ. ಅಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ನಳದ ಮುಂದೆ, ಸಂತೆಯಲ್ಲಿ, ಬಸ್ಸಿನಲ್ಲಿ ಆಕೆ ಮಾತಾಡುವುದೇ ಹಾಗೆ. ಎದುರಿನವರ ಮಾತಿನ ಅರ್ಧ ಹಿಡಿದು ಇನ್ನರ್ಧ ತಿರುಗಿಸಿ ಹೊಡೆಯುವುದು. ಇಡೀ ಊರು ಅದಕ್ಕೆ ನಗುತ್ತಿತ್ತು, ಹೆದರುತ್ತಲೂ ಇತ್ತು. ಆಕೆಯ ಮುಖ ಮರೆಯಬಹುದು, ಮಾತು ಮರೆಯುವಂತಿರಲಿಲ್ಲ. ಅದಕ್ಕಾಗಿಯೇ ಅಲ್ಲವೇ ನಾನೂ ಅದನ್ನು ಮುತ್ತೆಂದು ಎತ್ತಿಕೊಂಡು ಬಂದದ್ದು?

ಮೊದಲ ಫೋನು ಬಂದದ್ದು ಅಣ್ಣಾಸಾಹೇಬರಿಂದ. ಊರಿನ ದೊಡ್ಡ ಕಬ್ಬಿನ ರೈತರು, ಶಾಲಾ ಸಮಿತಿಯ ಅಧ್ಯಕ್ಷರು, ಮಾತಿನಲ್ಲಿ ಸಕ್ಕರೆ.

“ಸರ, ನಿಮ್ಮ ಪುಸ್ತಕ ಭಾಳ ಚಲೋ ಬಂದೈತಂತ್ರಿ. ಅಭಿನಂದನ. ನಮ್ಮೂರ ಹೆಸರು ಒಂದ ತಪ್ಪ ಬಿದ್ದೈತಿ ನೋಡ್ರಿ. ಮುಂದಿನ ಸಲ ಸರಿ ಮಾಡಸ್ರಿ.”

ಬೈದಿದ್ದರೆ ನನಗೆ ಇಷ್ಟು ಚಳಿ ಹಿಡಿಯುತ್ತಿರಲಿಲ್ಲ.

ಊರು ಯಾವುದೆಂಬ ಸುದ್ದಿ ಶಿಕ್ಷಣ ಇಲಾಖೆಗೂ ಮುಟ್ಟಿ ವಿಚಾರಣೆಗೆ ಆದೇಶವಾಯಿತು. ತಾರೀಖನ್ನು ಒಂದು ವಾರ ಮೊದಲೇ ಊರಿಗೆ ತಿಳಿಸಲಾಯಿತು. ಸಂಸ್ಥೆಯಿಂದ ಒಬ್ಬರು ಹಾಜರಿರಬೇಕು ಎಂದು ಪತ್ರ ಬಂತು. ನಿರ್ದೇಶಕರು ನನ್ನನ್ನು ಕರೆದು ಗಂಭೀರವಾಗಿ ಹೇಳಿದರು: “ಮಾಹಿತಿ ಕೊಟ್ಟವರ ಗುರುತು ಯಾವ ಕಾರಣಕ್ಕೂ ಹೊರಬೀಳಬಾರದು. ಗೌಪ್ಯತೆ ನಮ್ಮ ಧರ್ಮ.” ಗುರುತು ಹೊರಬಿದ್ದು ಇಪ್ಪತ್ತು ದಿನವಾಗಿತ್ತು.

ರಾಜೇಸಾಬರ ಜೊತೆ ಹೋದೆ. ವಿಚಾರಣಾಧಿಕಾರಿಗಳ ಜೀಪು ಅಣ್ಣಾಸಾಹೇಬರ ಮನೆ ಮುಂದೆ ನಿಂತಿತ್ತು. ರಾಜೇಸಾಬರು ಅದನ್ನು ನೋಡಿ ನನ್ನ ಮುಖ ನೋಡಿದರು. ಶಾಲೆಯಲ್ಲಿ ಸುಂದ್ರವ್ವ ಟೊಪ್ಪಿಗೆ, ಏಪ್ರನ್ ತೊಟ್ಟು ಸೌಟು ಹಿಡಿದು ಒಲೆಯ ಪಕ್ಕ ನಿಂತಿದ್ದಳು. ಉಳಿದಿಬ್ಬರು ಅಡುಗೆಯವರು, ಹೆಡ್‌ಮಾಸ್ತರರು, ಅಣ್ಣಾಸಾಹೇಬರು, ಸಮಿತಿಯವರು ಸುತ್ತ ನಿಂತಿದ್ದರು. ಅಧಿಕಾರಿ ಕೆಟ್ಟವರೇನಲ್ಲ. ಮೃದುವಾಗಿಯೇ ಕೇಳಿದರು.

“ಏನವ್ವಾ, ದಿನಾ ನೀನ ಅಡಗಿ ಮಾಡ್ತಿ?”

“ಹೌದ್ರಿ.”

“ಮುಟ್ಟಬ್ಯಾಡ, ದೂರ ನಿಂದ್ರು ಅಂತ ಯಾರರ ಅಂತಾರೇನು?”

“ಇಲ್ರಿ. ಎಲ್ಲಾರೂ ಚಲೋ ನೋಡಕೋತಾರ್ರಿ.”

ಇಷ್ಟು ಸಪ್ಪೆಯಾಗಿ ಆಕೆ ಮಾತಾಡಿದ್ದನ್ನು ಆ ಊರು ಅದೇ ಮೊದಲು ಕೇಳಿರಬೇಕು. ಅಧಿಕಾರಿ ನನ್ನ ಕಡೆ ತಿರುಗಿದರು.

“ನಿಮ್ಮ ಪುಸ್ತಕದಲ್ಲಿರುವ ಮಾತು ಇವರೇ ಹೇಳಿದ್ದೇನ್ರಿ?”

ಹೌದು ಎಂದರೆ ಎಲ್ಲರೆದುರು ಆಕೆ ಸುಳ್ಳಿ ಆಗುತ್ತಿದ್ದಳು. ಇಲ್ಲ ಎಂದರೆ ವರದಿ ಸುಳ್ಳಾಗುತ್ತಿತ್ತು. “ಹೇಳಲು ಬರುವುದಿಲ್ಲ, ಗೌಪ್ಯತೆಯ ನಿಯಮವಿದೆ” ಎಂದೆ. ಆಕೆ ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಒಲೆಯನ್ನು ನೋಡಿದಳು. ಆಕೆಯನ್ನು ಕಾಯಲೆಂದು ಮಾಡಿದ ನಿಯಮ ಅಂದು ನನ್ನನ್ನು ಚೆನ್ನಾಗಿ ಕಾಯಿತು.

ಹೊಸಬರು ಇದನ್ನು ಗಮನಿಸಬೇಕು: ಆಕೆಯ ಹೆಸರೆತ್ತದೆ ನಾನು ಹೇಳಬಹುದಾದದ್ದು ಬೇಕಾದಷ್ಟಿತ್ತು. ಅಡುಗೆಯವರನ್ನು ಒಬ್ಬೊಬ್ಬರಾಗಿ, ಬೇರೆ ಕಡೆ, ಅಣ್ಣಾಸಾಹೇಬರಿಲ್ಲದೆ ಕೇಳಿ ಎನ್ನಬಹುದಿತ್ತು. ತಿಳಿಸದೆ ಒಂದು ದಿನ ಬನ್ನಿ ಎನ್ನಬಹುದಿತ್ತು. ನಿಮ್ಮ ಜೀಪು ಎಲ್ಲಿ ನಿಂತಿದೆ ನೋಡಿ ಎನ್ನಬಹುದಿತ್ತು. ಅಷ್ಟು ವರ್ಷದ ಅನುಭವವಿದ್ದವನಿಗೆ ಇದೆಲ್ಲ ಹೊಳೆದದ್ದು ವಾಪಸು ಬರುವ ದಾರಿಯಲ್ಲಿ.

ಮಧ್ಯಾಹ್ನ ಅಧಿಕಾರಿಗಳಿಗೆ ಅಣ್ಣಾಸಾಹೇಬರ ಮನೆಯಲ್ಲಿ ಊಟ. ನನ್ನನ್ನೂ ಕರೆದರು. ಹೋದೆ. ಹೋಳಿಗೆ ಮಾಡಿಸಿದ್ದರು. ಅಂದು ಶಾಲೆಯಲ್ಲಿ ಸುಂದ್ರವ್ವ ಬಡಿಸಿದ ಅನ್ನ ಉಂಡ ದೊಡ್ಡವರು ರಾಜೇಸಾಬರೊಬ್ಬರೇ. ಮಕ್ಕಳ ಸಾಲಿನಲ್ಲಿ ಕೂತು ಉಂಡು, ತಟ್ಟೆ ತೊಳೆದಿಟ್ಟು, ಜೀಪಿನಲ್ಲಿ ನನಗಾಗಿ ಕಾಯುತ್ತಿದ್ದರು. ಅಂದಿನಿಂದ ಅವರು ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಶಾಲಾ ಸಮಿತಿ ಮುಂದಿನ ತಿಂಗಳು ಸಭೆ ಸೇರಿ, ಸ್ವಚ್ಛತೆ ಕಾಪಾಡುವುದಿಲ್ಲವೆಂಬ ಕಾರಣಕ್ಕೆ ಸುಂದ್ರವ್ವನನ್ನು ಕೆಲಸದಿಂದ ತೆಗೆಯಲು ಠರಾವು ಮಾಡಿತು. ಎಷ್ಟೋ ವರ್ಷ ಆ ಶಾಲೆಯ ಪ್ರತಿಯೊಂದು ಭಾಂಡೆಯನ್ನು ತಿಕ್ಕಿ ಬೆಳಗಿದವಳ ಮೇಲೆ ಈ ದೂರು. ಠರಾವಿನ ಭಾಷೆ ಬಹಳ ಶುದ್ಧವಾಗಿತ್ತು. ಸಂಸ್ಥೆ ಏನಾದರೂ ಮಾಡಬೇಕು ಎಂದು ನಿರ್ದೇಶಕರಿಗೆ ಹೇಳಿದೆ. ಇದು ಸಂಶೋಧನೆಯ ವ್ಯಾಪ್ತಿಯೊಳಗೆ ಬರುವುದಿಲ್ಲ ಎಂದರು. ಇನ್ನೊಂದು ಅಧ್ಯಯನವಾಗಿ ಮಾಡಬಹುದು ಎಂದೂ ಸೇರಿಸಿದರು.

ನಿವೃತ್ತನಾದ ಮೇಲೆ ಒಂದು ಸಲ ಆಕೆಯ ಮನೆಗೆ ಹೋದೆ, ಬಸ್ಸಿನಲ್ಲಿ, ಒಬ್ಬನೇ. ಕಬ್ಬಿನ ಹಂಗಾಮು ಮುಗಿದಿತ್ತು, ಆಕೆ ಮನೆಯಲ್ಲಿದ್ದಳು. ಅಂಗೈ ತುಂಬ ಕಬ್ಬಿನ ಒಣಗರಿ, ಆ ರವದಿ, ಗೀರಿದ ಕಪ್ಪು ಗೆರೆ. ಹಳೆಯದನ್ನೆಲ್ಲ ಬರೆಯಬೇಕೆಂದಿದ್ದೇನೆ, ನೀನು ಬೇಡವೆಂದರೆ ಬಿಡುತ್ತೇನೆ ಎಂದೆ.

“ಬರೀರಿ ಸರ. ಈಗ ಹೋಗೂದೇನೈತಿ?”

“ಈ ಸಲ ನಿನ್ನ ಮಾತು ಬದಲ ಮಾಡ್ತೀನಿ ತಂಗೆವ್ವಾ.”

“ಮಾಡ್ರಿ. ಹಂಗ ಮಾತಾಡೂದು ನಾನೂ ಬಿಟ್ಟೀನಿ.”

ಚಹ ಕುಡಿಯುತ್ತೀರಾ ಎಂದು ಕೇಳಲಿಲ್ಲ. ಮೊಳೆಗೆ ಚೀಲ ಇರಲಿಲ್ಲ, ಕಬ್ಬು ಕಡಿಯುವ ಎರಡು ಕೊಯ್ತಾ ನೇತಾಡುತ್ತಿದ್ದವು.

ವಿಚಾರಣೆಯಲ್ಲಿ ಆರೋಪ ಸಾಬೀತಾಗಲಿಲ್ಲ. ನಮ್ಮ ವರದಿ ಎರಡನೆಯ ಸಲ ಅಚ್ಚಾಯಿತು. ಆಕೆಯ ಮಾತು ಅದರಲ್ಲಿ ಹಾಗೆಯೇ ಇದೆ. ಸುಂದ್ರವ್ವ ಎರಡು ಹಂಗಾಮಿನಿಂದ ಕಬ್ಬಿನ ಗ್ಯಾಂಗಿನಲ್ಲಿದ್ದಾಳೆ. ಜೋಡಿಯಾಗಿ ಮಗಳು ಹೋಗುತ್ತಾಳೆ.